ತುಳಸಕ್ಕ ಕೆಳಗಿಳಿದ ಗುರುವಾರ

ನಾನು ಆ ಊರಿಗೆ ಹೋದದ್ದು ಲಿಫ್ಟ್ ರಿಪೇರಿ ಮಾಡಲಿಕ್ಕೆ. ಗದಗಿನಲ್ಲಿ ಐ.ಟಿ.ಐ. ಮುಗಿಸಿ, ಹುಬ್ಬಳ್ಳಿಯ ಆಸ್ಪತ್ರೆಗಳ, ಲಾಡ್ಜುಗಳ ಲಿಫ್ಟುಗಳಲ್ಲಿ ಒಂಬತ್ತು ವರ್ಷ ಗ್ರೀಸಿನ ಕೈಯಲ್ಲೇ ಕಳೆದ ಮೇಲೆ, ಆ ಊರಿನ ಕೊರತೆ ಪಟ್ಟಿಯಲ್ಲಿ ನನ್ನ ಕಸುಬಿನ ಹೆಸರಿದೆ ಎಂದು ಗೊತ್ತಾಯಿತು. ಇಂಥಿಂಥ ಕೆಲಸ ಬಲ್ಲವರು ನಮ್ಮಲ್ಲಿ ಸಾಲದು, ಹೊರಗಿನವರು ಬರಬಹುದು ಎಂದು ಆ ಊರಿನವರು ವರ್ಷಕ್ಕೊಮ್ಮೆ ಹೊರಡಿಸುವ ಹಾಳೆ ಅದು. ಅರ್ಜಿ ಹಾಕಿದೆ. ಎಂಟು ತಿಂಗಳಿಗೆ ವೀಸಾ ಬಂತು. ಹಡಗಿನ ಏಣಿಯ ಕೊನೆಯ ಮೆಟ್ಟಿಲು ಇಳಿದು ದಕ್ಕೆಯ ಮೇಲೆ ಕಾಲಿಟ್ಟೆ, ಕಾಲು ನೆಲಕ್ಕೆ ತಾಗಲಿಲ್ಲ. ನಾಲ್ಕು ಬೆರಳು ಮೇಲೆಯೇ ನಿಂತಿತು. ನಾನು ಬಗ್ಗಿ ನೋಡುತ್ತಿದ್ದರೆ ಹಿಂದಿದ್ದ ಹೆಂಗಸು, "ಅಮ್ಮಾ, ಮುಂದೆ ನಡೆಯಿರಿ, ಎಲ್ಲರಿಗೂ ಹಾಗೇ" ಎಂದಳು. ನಡೆದೆ.

ವಾರದಲ್ಲಿ ಅಭ್ಯಾಸವಾಯಿತು. ಕೆಲಸದ ವೀಸಾದವರು ನಾಲ್ಕು ಬೆರಳು ಮೇಲೆ, ವಿದ್ಯಾರ್ಥಿ ವೀಸಾದವರು ಒಂದು ಗೇಣು ಮೇಲೆ. ಐದು ವರ್ಷ ಬಿಡದೆ ದುಡಿದು, ಭಾಷೆಯ ಪರೀಕ್ಷೆ ಪಾಸಾಗಿ, ವಾಸದ ಕಚೇರಿಯಲ್ಲಿ ಕಾಯಂ ಆದರೆ ಪಾದ ನೆಲಕ್ಕೆ ಮುಟ್ಟುತ್ತಿತ್ತು. ಸಮುದ್ರದ ದಂಡೆಯ ಊರು, ಗಾಳಿ ಜಾಸ್ತಿ. ಅದಕ್ಕೇ ಹೊರಗಿನವರೆಲ್ಲ ಜೇಬಿನಲ್ಲಿ ಕಲ್ಲು ಇಟ್ಟುಕೊಂಡು ಓಡಾಡುತ್ತಿದ್ದೆವು. ಲಿಫ್ಟಿನೊಳಗೆ ನಾನೊಬ್ಬಳೇ ನಿಂತರೆ ಯಾರೂ ಇಲ್ಲವೆಂದು ತಿಳಿದು ಅದು ಕದಲುತ್ತಿರಲಿಲ್ಲ; ಪರೀಕ್ಷೆ ಮಾಡಲು ಒಂದು ಮರಳಿನ ಚೀಲ ಹೊತ್ತೊಯ್ಯಬೇಕಿತ್ತು. ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಅವ್ವ, "ಹೋಗ್ಲಿ ಬಿಡು, ಚಪ್ಪಲರೆ ಉಳೀತಾವಲ್ಲ" ಎಂದಳು.

ತುಳಸಕ್ಕನನ್ನು ಮೊದಲು ನೋಡಿದ್ದು ನಾನು ಅಲ್ಲಿಗೆ ಹೋದ ಮೂರನೆಯ ವರ್ಷ. ದಂಡೆಯ ಮೇಲೆ ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತ ನಿಂತಿದ್ದೆ. ನೆಲದಿಂದ ಒಂದು ಗೇಣು ಮೇಲೆ ಕುಕ್ಕರಗಾಲಿನಲ್ಲಿ ಕೂತು, ಕೈ ಇಳಿಬಿಟ್ಟು ಕಲ್ಲು ಆರಿಸುತ್ತಿದ್ದ ಹೆಂಗಸೊಬ್ಬಳು ತಟ್ಟನೆ ತಿರುಗಿದಳು. ಐವತ್ತರ ಆಸುಪಾಸಿನ ವಯಸ್ಸು, ಸೀರೆಯ ಮೇಲೆ ದಪ್ಪ ಕೋಟು, ಕೋಟಿನ ಮೇಲೆ ಅಳತೆಯ ಟೇಪು.

"ತಂಗಿ, ಕನ್ನಡದಾಕಿ ಏನು ನೀ? ಯಾವೂರು?"

"ಗದಗ ರೀ."

"ಅಯ್ಯ, ನಾ ಗುಳೇದಗುಡ್ಡ. ತುಳಸಾಬಾಯಿ. ಒಂದೀಟು ಇಲ್ಲಿ ಬಾ, ಈ ಕಲ್ಲು ನೋಡು. ಎಲ್ಲಾ ಒಂದ ಅಳತಿ ಅದಾವಿಲ್ಲೋ?"

ಗುಂಡಿ ಆರಿಸಿದ ಹಾಗೆ ಆರಿಸಿದ್ದಳು. ಊರಲ್ಲಿ ಇಪ್ಪತ್ತೆಂಟು ವರ್ಷ ಹೊಲಿಗೆ ಕಲಿಸಿದ ಟೀಚರು. ಕಲಿಸುತ್ತಿದ್ದ ತರಬೇತಿ ಕೇಂದ್ರ ಮುಚ್ಚಿದ ಮೇಲೆ, ಪೇಪರಿನಲ್ಲಿ ಆ ಊರಿನ ಹಾಯಿ ಹೊಲಿಗೆಯ ಶಾಲೆಯ ಜಾಹೀರಾತು ಕಂಡು, ಎರಡು ವರ್ಷದ ಡಿಪ್ಲೊಮಾಕ್ಕೆ ವಿದ್ಯಾರ್ಥಿಯಾಗಿ ಬಂದಿದ್ದಳು. ಅವಳ ಕ್ಲಾಸಿನಲ್ಲಿ ಉಳಿದವರಿಗೆಲ್ಲ ಇಪ್ಪತ್ತು, ಇಪ್ಪತ್ತೊಂದು.

"ಈ ವಯಸ್ಸಿನಾಗ ಯಾಕ್ರೀ ಅಕ್ಕಾರ?" ಎಂದು ಕೇಳಿಯೇಬಿಟ್ಟೆ.

"ಎಲ್ಲಾರೂ ಇದನ್ನ ಕೇಳ್ತೀರಿ," ಅಂದಳು. "ಇಪ್ಪತ್ತೆಂಟು ವರ್ಷ ಮಂದಿಗೆ ಜಂಪರ್ ಹೊಲಿದೆ. ಒಮ್ಮ್ಯಾದ್ರೂ ಗಾಳಿಗೆ ಅಂಗಿ ಹೊಲೀಬೇಕು ಅನ್ನಿಸ್ತು, ಬಂದೆ."

ಆ ತಿಂಗಳೇ ನನ್ನ ಮನೆಯ ಇನ್ನೊಂದು ಕೋಣೆಗೆ ಬಂದಳು. ಜೊತೆಗೆ ಒಂದು ಟ್ರಂಕು. ಅದರ ತುಂಬ ಖಣದ ತುಂಡುಗಳು, ನಲವತ್ತು ಬಣ್ಣದವು. ಎರಡು ವರ್ಷ ನಾವು ಅಕ್ಕ ತಂಗಿಯರಂತೆ ಇದ್ದೆವು, ಅಂದರೆ ದಿನಾ ಜಗಳವಾಡಿದೆವು. ಒಗ್ಗರಣೆಗೆ ನಾನು ಎಣ್ಣೆ ಜಾಸ್ತಿ ಹಾಕುತ್ತೇನೆಂದು ಅವಳು, ಬೆಳಗಿನ ಐದಕ್ಕೇ ಮಷಿನ್ ತುಳಿಯುತ್ತಾಳೆಂದು ನಾನು. ಹೊರಗಿನಿಂದ ಬಂದವರಿಗೆಲ್ಲ ಅವಳು ಕಲ್ಲು ಸದ್ದು ಮಾಡದಂಥ ಜೇಬು ಹೊಲಿದುಕೊಡುತ್ತಿದ್ದಳು. ನನ್ನ ಕೆಲಸದ ಪ್ಯಾಂಟಿಗೆ ಅಂಥ ಆರು ಜೇಬುಗಳಿದ್ದವು. ಡಿಪ್ಲೊಮಾದಲ್ಲಿ ಎರಡನೆಯ ಸ್ಥಾನ ಬಂತು. ಮೊದಲನೆಯ ಸ್ಥಾನ ಬಂದ ಹುಡುಗಿಯ ಹೊಲಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಚಲೋ ಐತಿ, ಆದ್ರ ನಂದು ಗಟ್ಟಿ" ಎಂದು ತೀರ್ಮಾನಿಸಿದಳು.

ಓದು ಮುಗಿದ ಮೇಲೆ ಕೆಲಸ ಹುಡುಕಲು ಆರು ತಿಂಗಳ ಅವಕಾಶ. ಊರಿನಲ್ಲಿದ್ದ ಮೂರು ಹಾಯಿ ಕಾರ್ಖಾನೆಗಳವರೂ ಅವಳ ಕೈಕೆಲಸ ನೋಡಿ ತಲೆದೂಗಿದರು. ಒಬ್ಬರಂತೂ ಕೂರುವ ಜಾಗವನ್ನೂ ತೋರಿಸಿದರು. ಅಷ್ಟರಲ್ಲಿ ಆ ವರ್ಷದ ಕೊರತೆ ಪಟ್ಟಿ ಬಂತು. ಹಾಯಿ ಹೊಲಿಗೆಯ ಹೆಸರು ಅದರಲ್ಲಿರಲಿಲ್ಲ. ಊರಿನದೇ ಹನ್ನೊಂದು ಮಂದಿ ಆ ಸಲ ಡಿಪ್ಲೊಮಾ ಮುಗಿಸಿದ್ದರು, ಇನ್ನು ಕೊರತೆ ಇಲ್ಲ ಎಂದು ಬರೆದಿದ್ದರು. ಪಟ್ಟಿಯಲ್ಲಿಲ್ಲದ ಕೆಲಸಕ್ಕೆ ಹೊರಗಿನವರನ್ನು ಇಟ್ಟುಕೊಳ್ಳುವ ಹಾಗಿಲ್ಲ. ಕಾರ್ಖಾನೆಯವರು ಚಹಾ ಕೊಟ್ಟು, ಬೇಸರಪಟ್ಟು, ಬಾಗಿಲ ತನಕ ಬಂದು ಕಳಿಸಿದರು.

ಮೊದಲ ಮೂರು ತಿಂಗಳು ತುಳಸಕ್ಕ ಅದೇ ಒಂದು ಗೇಣಿನಲ್ಲೇ ಇದ್ದಳು. ಆಮೇಲೆ ಏರತೊಡಗಿದಳು. ವೀಸಾ ತೀರುತ್ತ ಬಂದವರು ಹಾಗೆ ಏರುವುದನ್ನು ನಾನು ಮೊದಲೂ ನೋಡಿದ್ದೆ, ಆದರೆ ಅವರು ನಮ್ಮ ಮನೆಯವರಾಗಿರಲಿಲ್ಲ. ವಾರಕ್ಕೊಂದು ಗೇಣಿನಷ್ಟು. ವಾಸದ ಕಚೇರಿಯ ಸೂರಿನ ಮಟ್ಟ ದಾಟಿದರೆ ಮುಂದಿನ ಹಡಗಿಗೆ ಹತ್ತಿಸಿಬಿಡುತ್ತಿದ್ದರು. ಹೊಲಿಗೆ ಮಷಿನನ್ನು ಮೊದಲು ಮೇಜಿನ ಮೇಲೆ, ಆಮೇಲೆ ಮೇಜಿನ ಮೇಲೊಂದು ಪೆಟ್ಟಿಗೆ ಇಟ್ಟು ಅದರ ಮೇಲೆ, ಕೊನೆಗೆ ಅಟ್ಟದ ಮೇಲೆ ಏರಿಸಿಕೊಟ್ಟೆ. ರೊಟ್ಟಿಯ ತಾಟನ್ನು ಕೈ ಎತ್ತಿ ಕೊಡುವಂತಾಯಿತು. ಹೊರಗೆ ಹೋಗುವಾಗ ಅವಳ ಸೊಂಟಕ್ಕೆ ಹಗ್ಗ, ಹಗ್ಗದ ತುದಿ ನನ್ನ ಕೈಯಲ್ಲಿ.

ಕಿಟಕಿಯ ಮೇಲ್ಭಾಗದ ಮಟ್ಟಕ್ಕೆ ಅವಳು ಬಂದ ದಿನ ನಮ್ಮ ಬೀದಿಯ ಬೇಕರಿಯ ಒಸ್ಕೋ ಹೊಸ ಅಂಗಿ ತೊಟ್ಟು, ಕಾಗದದಲ್ಲಿ ಬಿಸಿ ಬ್ರೆಡ್ಡು ಸುತ್ತಿಕೊಂಡು ಬಂದು ಕಿಟಕಿಯ ಕೆಳಗೆ ನಿಂತ. ಅರವತ್ತರ ಮನುಷ್ಯ, ಹೆಂಡತಿ ತೀರಿಕೊಂಡು ಏಳೆಂಟು ವರ್ಷ. ಆ ಊರಿನ ಮಾತನ್ನು ನಾವಿಬ್ಬರೂ ಆ ಹೊತ್ತಿಗೆ ಚೆನ್ನಾಗಿಯೇ ಕಲಿತಿದ್ದೆವು.

"ತುಳಸಾ ಅವರೇ, ನಾನು ಕಾಯಂ ನಿವಾಸಿ," ಎಂದ, ಕತ್ತು ಮೇಲೆತ್ತಿ. "ನನ್ನನ್ನು ಮದುವೆಯಾದರೆ ನಾಳೆಯೇ ನೀವು ಕೆಳಗಿರುತ್ತೀರಿ. ಬೇರೇನೂ ಕೇಳುವುದಿಲ್ಲ. ಸಂಜೆ ಒಟ್ಟಿಗೆ ಕೂತು ಚಹಾ ಕುಡಿದರೆ ಸಾಕು."

ತುಳಸಕ್ಕ ಬ್ರೆಡ್ಡು ತೆಗೆದುಕೊಂಡಳು. "ನೀವು ಬಾಳ ಒಳ್ಳೇವ್ರು," ಅಂದಳು. "ಚಹಾಕ್ಕ ಹಂಗ ಬರ್ರಿ. ಅದಕ್ಕ ಲಗ್ನ ಯಾಕ? ನಾ ನನ್ನ ಕೈಕಸುಬಿನ ಮ್ಯಾಲ ಇಲ್ಲಿಗೆ ಬಂದಾಕಿ. ಕೆಳಗ ಇಳಿದ್ರೂ ಅದರ ಮ್ಯಾಲ ಇಳಿಯಾಕಿ."

ಒಸ್ಕೋ ಹಾಗಾದರೆ ಚಹಾಕ್ಕೆ ಭಾನುವಾರ ಬರುವೆನೆಂದು ಹೇಳಿ ಹೋದ. ಬಂದೂ ಬಂದ. ಅವನು ಕುರ್ಚಿಯಲ್ಲಿ, ಅವಳು ತೊಲೆಯ ಹತ್ತಿರ.

ಅವನು ಮದುವೆ ಕೇಳಿ ಹೋದ ದಿನವೇ ನಾನು ರೇಗಿದೆ. ಇನ್ನೊಂದು ಕೋರ್ಸಿಗೆ, ಅಡುಗೆ ಶಾಲೆಗಾದರೂ ಸೇರು ಎಂದರೆ ಅದರ ಮೆಟ್ಟಿಲು ಹತ್ತುವುದಿಲ್ಲ, ಮದುವೆ ಬೇಡ, ಊರಿಗೆ ಹೋಗುವುದಂತೂ ಬೇಡ, ಹೀಗೆ ಹಟ ಹಿಡಿದರೆ ಹೇಗೆ ಎಂದು ಕೂಗಿದೆ. ಅವಳು ಮಷಿನ್ ತುಳಿಯುವುದನ್ನು ನಿಲ್ಲಿಸಿದಳು. ಆಮೇಲೆ ಮೆತ್ತಗೆ, "ಇಂದೂ, ಊರಿಗೆ ಹೋದ್ರ ಯಾರೂ ಬೈಯೂದಿಲ್ಲ ನನಗ. ಪಾಪ ಅಂತಾರ. ಅದನ್ನ ತಡಕೊಳ್ಳಾಕ ಆಗೂದಿಲ್ಲವ್ವಾ" ಎಂದಳು. ನಾನು ಅಡುಗೆಮನೆಗೆ ಹೋಗಿ ಒಗ್ಗರಣೆಗೆ ಎಣ್ಣೆ ಕಮ್ಮಿ ಹಾಕಿದೆ.

ಮಾರನೆಯ ವಾರ ಹೆರಿಗೆ ಮನೆಯ ಲಿಫ್ಟು ಕೆಟ್ಟಿತು. ಎರಡನೆಯ ಮಹಡಿಗೆ ಹೋದಾಗ ಅಲ್ಲಿನ ದೊಡ್ಡ ದಾದಿ ಬೆರೀನಾ ಸ್ಟೂಲಿನ ಮೇಲೆ ನಿಂತು, ಛಾವಣಿಗೆ ಬೆನ್ನು ಹಚ್ಚಿ ಮಲಗಿದ್ದ ಒಂದು ಕೂಸನ್ನು ಕೆಳಗಿಳಿಸುತ್ತಿದ್ದಳು. ಆ ಊರಿನಲ್ಲಿ ಹುಟ್ಟಿದ ಕೂಸೂ ಹೊಸದಾಗಿ ಬಂದದ್ದೇ ತಾನೆ. ಮೂರನೆಯ ತಿಂಗಳಲ್ಲಿ ಹೆಸರಿಟ್ಟು ಊರಿನ ಪುಸ್ತಕದಲ್ಲಿ ಬರೆಯಿಸುವ ತನಕ ನಿವಾಸಿಗಳ ಮಕ್ಕಳೂ ತೇಲುತ್ತಿದ್ದವು. ರಿಬ್ಬನ್ನಿನಿಂದ ತೊಟ್ಟಿಲಿಗೆ ಕಟ್ಟುತ್ತಿದ್ದರು. ಬೆರೀನಾ ಆ ಕೂಸಿನ ಅಂಗಿ ಸರಿಸಿ ನನಗೆ ತೋರಿಸಿದಳು. ಸೊಂಟದ ಸುತ್ತ ಕೆಂಪಗೆ ಬಾಸುಂಡೆ.

"ಕಟ್ಟಿದರೆ ಹೀಗಾಗುತ್ತದೆ. ಭಾರದ ಕಂಬಳಿ ಹೊದಿಸಿದರೆ ಎದೆಗೆ ಒತ್ತುತ್ತದೆ. ನನ್ನ ಅಜ್ಜಿಯ ಕಾಲದಿಂದ ಇದೇ ಗೋಳು," ಎಂದಳು.

ನಾನು ಲಿಫ್ಟನ್ನು ಹಾಗೇ ಬಿಚ್ಚಿಟ್ಟು ಮನೆಗೆ ಓಡಿದೆ. ಓಡಿದೆ ಅನ್ನುವುದು ಮಾತಿಗೆ. ಗಾಳಿ ನಮ್ಮ ಮನೆಯ ಕಡೆಗೇ ಇತ್ತು, ಎರಡು ಜೇಬು ಖಾಲಿ ಮಾಡಿದೆ, ಅದೇ ಕರೆದುಕೊಂಡು ಹೋಯಿತು.

ತುಳಸಕ್ಕ ಇಡೀ ಕಥೆ ಕೇಳಿ ಒಂದೇ ಪ್ರಶ್ನೆ ಕೇಳಿದಳು. "ಕೂಸಿನ ಉದ್ದ ಎಷ್ಟು?" ಆಮೇಲೆ ಟ್ರಂಕನ್ನು ಮೇಲಕ್ಕೆ ಕಳಿಸು ಎಂದಳು. ಎರಡು ದಿನ ಅಟ್ಟದಿಂದ ಮಷಿನ್ ಸದ್ದು ನಿಲ್ಲಲಿಲ್ಲ. ಮೂರನೆಯ ದಿನ ಒಂದು ಪುಟ್ಟ ಕೌದಿ ಕೆಳಗೆ ಬಂತು. ನಮ್ಮ ಕಡೆ ಹಳೆಯ ಸೀರೆ ತುಂಡುಗಳನ್ನು ಪದರ ಪದರ ಇಟ್ಟು ಹೊಲಿಯುತ್ತಾರಲ್ಲ, ಅದೇ. ಆದರೆ ನಡುವೆ ಎದೆ ಬರುವ ಕಡೆ ಒಂದೇ ಪದರ, ಹೂವಿನಷ್ಟು ಹಗುರ. ಭಾರವೆಲ್ಲ ಅಂಚಿನಲ್ಲಿ. ಅಂಚಿನ ಒಳಗೆ ಕಡಲೆಕಾಳಿನಂಥ ಕಲ್ಲುಗಳನ್ನು ಒಂದೊಂದಕ್ಕೂ ಬೇರೆ ಬೇರೆ ಗೂಡು ಮಾಡಿ ಕೂರಿಸಿದ್ದಳು. ಬೆರೀನಾ ಅದನ್ನು ಅದೇ ಕೂಸಿಗೆ ಹೊದಿಸಿ ಅಂಚನ್ನು ಪಕ್ಕಕ್ಕೆ ಮಡಚಿದಳು. ಕೂಸು ಒಂದು ಆಕಳಿಕೆ ತೆಗೆದು, ಹುಟ್ಟಿದ ಮೇಲೆ ಮೊದಲ ಸಲ ಹಾಸಿಗೆಯ ಮೇಲೆ ಮಲಗಿ ನಿದ್ದೆ ಹೋಯಿತು. ಅದರ ತಾಯಿ ಅಳುತ್ತ ಕೂತಳು. ವಾರದೊಳಗೆ ಹದಿನಾಲ್ಕು ಮನೆಯವರು ಕೌದಿ ಕೇಳಿಕೊಂಡು ಬಂದರು.

ಆಗ ನನಗೆ ಸ್ವಂತ ಕಸುಬಿನ ಪರವಾನಗಿಯ ನೆನಪಾಯಿತು. ವಾಸದ ಕಚೇರಿಯ ಗೋಡೆಯ ಮೇಲೆ, ಎಲ್ಲ ನೋಟೀಸುಗಳ ಕೆಳಗೆ, ಯಾರೂ ಓದದ ಜಾಗದಲ್ಲಿ ಅದರ ವಿವರವಿತ್ತು. ಅಲ್ಲಿನ ಅಧಿಕಾರಿ ಹಲ್ಮಾ ಎಂಬ ಹೆಂಗಸು, ಉದ್ದನೆಯ ಹಿತ್ತಾಳೆಯ ಅಳತೆಗೋಲು ಹಿಡಿದೇ ಮಾತಾಡುವವಳು. ಕೆಟ್ಟವಳಲ್ಲ, ಒಂದು ಅಕ್ಷರ ಆಚೀಚೆ ಆಗಲು ಬಿಡುವವಳೂ ಅಲ್ಲ.

"ಬೇರೆ ಯಾರೂ ಮಾಡದ ಕೆಲಸವಾಗಿರಬೇಕು," ಎಂದಳು. "ಅದು ನಮಗೆ ಬೇಕು ಎಂದು ಹತ್ತು ಜನ ಕಾಯಂ ನಿವಾಸಿಗಳು ಒಂದೇ ದಿನ, ಮಧ್ಯಾಹ್ನ ಹನ್ನೆರಡರೊಳಗೆ, ನನ್ನೆದುರು ನಿಂತು ಹೇಳಬೇಕು. ಮತ್ತೆ ಇಲ್ಲಿ ಓದಿದ ವಿದ್ಯೆಗೂ ಆ ಕೆಲಸಕ್ಕೂ ಸಂಬಂಧವಿರಬೇಕು. ಗುರುವಾರ ಮಾತ್ರ."

ಲೆಕ್ಕ ಹಾಕಿದರೆ ತುಳಸಕ್ಕನಿಗೆ ಉಳಿದಿದ್ದುದು ಒಂದೇ ಗುರುವಾರ. ಮನೆಗೆ ಬಂದಾಗ ಬಾಗಿಲ ಸಂದಿನಲ್ಲಿ ನನ್ನ ಹೆಸರಿಗೆ ಒಂದು ಲಕೋಟೆ ಸಿಕ್ಕಿಸಿದ್ದರು. ನನ್ನ ಐದು ವರ್ಷ ತುಂಬಿತ್ತು. ಕಾಯಂ ವಾಸದ ಅಳತೆಗೆ ಬರಬೇಕು. ಅದೇ ಗುರುವಾರ, ಹನ್ನೊಂದು ಗಂಟೆಗೆ. ಜೇಬು ಖಾಲಿ, ಕೈ ಖಾಲಿ, ಬರಿಗಾಲು. ಮೂರು ಸಲ ಹೆಸರು ಕೂಗಿದಾಗ ಬರದಿದ್ದರೆ ಮುಂದಿನ ಸರದಿ ಒಂದು ವರ್ಷದ ನಂತರ.

"ಚಲೋ ಆತು," ಅಂದಳು ತುಳಸಕ್ಕ, ತೊಲೆಯ ಪಕ್ಕದಿಂದ. "ಇಬ್ರೂ ಕೂಡೇ ಇಳಿಯೂಣು."

ಏರಿದವರನ್ನು ಕಚೇರಿಗೆ ತರುವಾಗ ಹಗ್ಗ ಹಿಡಿಯುವವರ ಹೆಸರನ್ನು ಅರ್ಜಿಯಲ್ಲೇ ಬರೆಯಬೇಕು, ಬೇರೆಯವರು ಹಿಡಿಯುವಂತಿಲ್ಲ, ಕುರ್ಚಿಗೋ ಕಂಬಕ್ಕೋ ಕಟ್ಟುವಂತಿಲ್ಲ. ನಾವು ಎರಡು ಹೆಸರು ಬರೆದೆವು: ನನ್ನದು, ಬೆರೀನಾಳದು. ಹನ್ನೊಂದಕ್ಕೆ ಅವಳು ಹಗ್ಗ ಹಿಡಿಯುತ್ತಾಳೆ, ನಾನು ಅಳತೆಗೆ ಹೋಗುತ್ತೇನೆ. ಕೌದಿ ಕೇಳಿದವರಲ್ಲಿ ಒಂಬತ್ತು ಮನೆಯಿಂದ ಒಬ್ಬೊಬ್ಬರು ಬರಲು ಒಪ್ಪಿದ್ದರು, ಹತ್ತನೆಯ ನಿವಾಸಿಯಾಗಿ ಹೇಳಿಕೆ ಕೊಡುವವಳೂ ಅವಳೇ. ಎಲ್ಲ ಸರಿಯಾಗಿತ್ತು.

ಆ ಗುರುವಾರ ಗಾಳಿ ಬಲವಾಗಿತ್ತು. ಬೀದಿಯಲ್ಲಿ ತುಳಸಕ್ಕ ಮಹಡಿ ಮನೆಗಳ ಕಿಟಕಿಗಳ ಮಟ್ಟದಲ್ಲಿದ್ದಳು. ಒಳಗಿದ್ದವರು ಕೈ ಬೀಸಿದರೆ ಇವಳೂ ಬೀಸುತ್ತ, ನನಗೆ "ಮೆಲ್ಲಕ ಹೋಗಾ, ಸೀರಿ ಹಾರ್ತೈತಿ" ಎಂದು ಮೇಲಿಂದ ಹುಕುಂ ಕೊಡುತ್ತ ಬಂದಳು. ಕಚೇರಿಯ ಎತ್ತರದ ಬಾಗಿಲಲ್ಲಿ ಅವಳನ್ನು ಬಗ್ಗಿಸಿ ಒಳಗೆ ತಂದೆ. ಹಾಲಿನ ಛಾವಣಿಗೆ ಹೋಗಿ ನಿಂತಳು, ಸೆರಗು ಸರಿಮಾಡಿಕೊಂಡಳು. ಒಂಬತ್ತು ಮನೆಯವರು ಬಂದಿದ್ದರು: ತಂದೆಯರು, ಅಜ್ಜಿಯರು, ಒಬ್ಬ ಮುತ್ತಜ್ಜ. ಒಬ್ಬ ಅಜ್ಜಿ ತನ್ನ ಮೊಮ್ಮಗಳನ್ನೂ ಕೌದಿ ಸಮೇತ ತಂದಿದ್ದಳು. ಬೆರೀನಾ ಮಾತ್ರ ಕಾಣಲಿಲ್ಲ. ಹತ್ತೂಮುಕ್ಕಾಲಿಗೆ ಹೆರಿಗೆ ಮನೆಯಿಂದ ಸುದ್ದಿ ಬಂತು. ಬೆಳಗಿನಿಂದ ಒಬ್ಬಳಿಗೆ ಕಷ್ಟದ ಹೆರಿಗೆ, ಅವಳಿ ಮಕ್ಕಳು, ಬೆರೀನಾ ಬಿಟ್ಟು ಬರುವಂತಿಲ್ಲ.

ಗೋಡೆಯ ಗಡಿಯಾರ ನೋಡಿದೆ. ಕೈಯಲ್ಲಿದ್ದ ಹಗ್ಗ ನೋಡಿದೆ.

ಹನ್ನೊಂದಕ್ಕೆ ಪಕ್ಕದ ಕೋಣೆಯಿಂದ ಗುಮಾಸ್ತ ಕೂಗಿದ. "ಇಂದುಮತಿ, ಲಿಫ್ಟ್ ಕೆಲಸ!"

"ಹೋಗು," ಅಂದಳು ತುಳಸಕ್ಕ ಮೇಲಿಂದ.

"ಹಗ್ಗ?"

"ಬಿಡು. ಛತ್ತು ಐತಿ, ಎಲ್ಲಿಗ್ಹೋಗ್ತೀನಿ?"

ಹಗ್ಗ ಬಿಟ್ಟ ಅರ್ಜಿ ಆ ಕ್ಷಣವೇ ರದ್ದು ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಎರಡನೆಯ ಸಲ ಕೂಗಿದ. "ಇಂದೂ, ಐದು ವರ್ಷದ ದುಡಿಮಿ ಐತಿ ಅದು, ಹುಚ್ಚಿ, ಹೋಗಽ!" ಎಂದು ಅವಳು ಹಗ್ಗವನ್ನು ತನ್ನ ಕಡೆಗೆ ಜಗ್ಗಿದಳು. ನಾನು ಕೈಗೆ ಇನ್ನೊಂದು ಸುತ್ತು ಹಾಕಿಕೊಂಡೆ. ದೊಡ್ಡ ತ್ಯಾಗ ಮಾಡುತ್ತಿದ್ದೇನೆ ಎಂದೇನೂ ಅನ್ನಿಸಲಿಲ್ಲ. ಮೂರನೆಯ ಸಲ ಕೂಗಿ ಗುಮಾಸ್ತ ಬಾಗಿಲು ಹಾಕಿಕೊಂಡ. ತುಳಸಕ್ಕ ಛಾವಣಿಯ ಕಡೆ ಮುಖ ತಿರುಗಿಸಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ, "ಹಟಮಾರಿ ಅಂತ ನನಗ ಅಂತಾಳ ಇಕಿ" ಎಂದಳು.

ಹನ್ನೊಂದೂವರೆಗೆ ಹಲ್ಮಾ ತನ್ನ ಮೇಜಿಗೆ ಬಂದಳು. ಒಬ್ಬೊಬ್ಬರ ಮಾತನ್ನೂ ಕೇಳಿ ಬರೆದುಕೊಂಡಳು. ಒಂಬತ್ತಕ್ಕೆ ನಿಂತಿತು. "ಇನ್ನೊಬ್ಬರು?" ಎಂದಳು. ಆಗ ಹಿಂದಿನಿಂದ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಒಸ್ಕೋ ಮುಂದೆ ಬಂದ. ಹೆರಿಗೆ ಮನೆಗೆ ಬ್ರೆಡ್ಡು ಕೊಡಲು ಹೋದವನಿಗೆ ಬೆರೀನಾ ವಿಷಯ ಹೇಳಿ ಓಡಿಸಿದ್ದಳು.

"ನಿಮಗೆ ಕೌದಿ ಯಾಕೆ?" ಹಲ್ಮಾ ಕೇಳಿದಳು.

"ನನ್ನ ಮಗಳು ಎಂಟು ತಿಂಗಳ ಬಸುರಿ. ಮುಂದಿನ ತಿಂಗಳು ನಾನು ಅಜ್ಜ."

ಹಲ್ಮಾ ಅವನನ್ನು, ಛಾವಣಿಯನ್ನು ನೋಡಿದಳು. ಊರಿನಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿರುತ್ತದೆ. "ನಿಮ್ಮನ್ನು ಮದುವೆಯಾಗಿದ್ದರೆ ಅವರಿಗೆ ಈ ಓಡಾಟವೇ ಇರುತ್ತಿರಲಿಲ್ಲ," ಎಂದಳು.

"ನಾನೂ ಅದನ್ನೇ ಹೇಳಿದೆ," ಎಂದ ಒಸ್ಕೋ. "ಆದರೂ ಕೌದಿ ಬೇಕು."

ಹತ್ತು ಎಂದು ಬರೆದಳು. ಆಮೇಲೆ ಪೆನ್ನು ಕೆಳಗಿಟ್ಟಳು. "ಇವರು ಓದಿದ್ದು ಹಾಯಿ. ಇದು ಹೊದಿಕೆ. ಸಂಬಂಧ ಎಲ್ಲಿದೆ?"

ತುಳಸಕ್ಕ ಮೇಲಿಂದಲೇ ಹೇಳಿದಳು, ಟೀಚರ ದನಿಯಲ್ಲಿ. "ಅಂಚು ತಿರುಗಿಸಿ ನೋಡ್ರಿ ಬಾಯಾರ. ಅದು ಹಾಯಿ ಅಂಚಿನ ಹೊಲಿಗಿ. ಗಾಳಿ ಹೊಡದಾಗ ಭಾರ ಒಂದ ಕಡೆ ಬೀಳದಂಗ ಸುತ್ತೂ ಹಂಚತೈತಿ. ಹಾಯಿ ಗಾಳಿ ಹಿಡಿಯಾಕ ಹೊಲೀತಾರ, ಇದನ್ನ ಕೂಸು ಹಿಡಿಯಾಕ ಹೊಲಿದೀನಿ. ಸಾದಾ ಟೇಲರ್ ಹೊಲಿದ್ರ ನಾಕು ದಿನದಾಗ ಕಲ್ಲೆಲ್ಲಾ ಒಂದ ಮೂಲಿಗೆ ಬರ್ತಾವು."

ಹಲ್ಮಾ ಭೂತಕನ್ನಡಿ ತೆಗೆದಳು. ಅಜ್ಜಿಯ ಮೊಮ್ಮಗಳ ಮೈಮೇಲಿನಿಂದ ಕೌದಿಯನ್ನು ಎತ್ತಿ, ಬೆಳಕಿಗೆ ಹಿಡಿದು, ಅಂಚನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದೆವು. ಆದ್ದರಿಂದ ಕೂಸು ಅಜ್ಜಿಯ ತೊಡೆಯಿಂದ ಎದ್ದದ್ದನ್ನು ಯಾರೂ ನೋಡಲಿಲ್ಲ. ಅಜ್ಜಿ "ಅಯ್ಯೋ!" ಎನ್ನುವಷ್ಟರಲ್ಲಿ ಅದು ನಮ್ಮೆಲ್ಲರ ತಲೆ ದಾಟಿತ್ತು. ತೆರೆದ ಕಿಟಕಿಯಿಂದ ಗಾಳಿ ನುಗ್ಗುತ್ತಿತ್ತು. ಮುತ್ತಜ್ಜ ಕೋಲು ಎತ್ತಿದ, ಎಟುಕಲಿಲ್ಲ. ಕೂಸು ಕೈಕಾಲು ಆಡಿಸುತ್ತ, ಕೇಕೆ ಹಾಕುತ್ತ, ನೇರ ಕಿಟಕಿಯ ಕಡೆಗೇ ಹೊರಟಿತು.

ತುಳಸಕ್ಕ ಛಾವಣಿಯನ್ನು ಕಾಲಿನಿಂದ ಒಂದು ಸಲ ಒದ್ದು, ಅಡ್ಡ ಬಂದು, ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡಳು. ಹಗ್ಗ ನನ್ನ ಅಂಗೈ ಸುಟ್ಟುಕೊಂಡು ಹೋಗಿ ನಿಂತಿತು.

"ಏ ಚಿನ್ನಾ, ಎಲ್ಲಿಗೆ ಹೊಂಟಿದ್ದಿ? ವೀಸಾ ಐತೇನು ನಿಂದು?" ಎಂದು ಮೇಲೆ ಮುದ್ದು ಮಾಡುವುದು ಕೇಳಿಸಿತು.

ಹಲ್ಮಾಳ ಮುಖ ಬಿಳುಚಿತ್ತು. ಕಿಟಕಿ ಮುಚ್ಚಿಸಿದಳು. ನೀರು ಕುಡಿದಳು. "ಮಗುವನ್ನು ಕೆಳಗೆ ತನ್ನಿ," ಎಂದಳು.

"ತರ್ತಿದ್ನಿರೀ," ಅಂದಳು ತುಳಸಕ್ಕ. "ಆದ್ರ ನಾನ ಮ್ಯಾಲ ಅದೀನಲ್ರಿ."

ನಾನು ಹಗ್ಗ ಎಳೆಯಬಹುದಿತ್ತು. ಅದು ಹಲ್ಮಾಳಿಗೆ ಗೊತ್ತಿತ್ತು, ಹತ್ತೂ ಜನಕ್ಕೆ ಗೊತ್ತಿತ್ತು. ನಾನು ನನ್ನ ಸುಟ್ಟ ಅಂಗೈಯನ್ನೇ ಬಹಳ ಆಸಕ್ತಿಯಿಂದ ನೋಡುತ್ತ ನಿಂತೆ. ಹಲ್ಮಾ ಗಡಿಯಾರ ನೋಡಿದಳು, ಹನ್ನೆರಡಕ್ಕೆ ಆರು ನಿಮಿಷ. ಹೆದರಿಸಿ ಅವಳಿಂದ ಏನನ್ನೂ ಮಾಡಿಸಲು ಸಾಧ್ಯವಿರಲಿಲ್ಲ, ಅದನ್ನು ನಾನು ಒಪ್ಪಬೇಕು. ಮತ್ತೆ ಭೂತಕನ್ನಡಿ ಎತ್ತಿಕೊಂಡು, ಬಿಟ್ಟಲ್ಲಿಂದಲೇ ಅಂಚಿನ ಉಳಿದ ಎರಡು ಬದಿಗಳನ್ನೂ ಪೂರ್ತಿ ನೋಡಿದಳು. "ಹಾಯಿಯ ಹೊಲಿಗೆಯೇ," ಎಂದು ತನಗೆ ತಾನೇ ಹೇಳಿಕೊಂಡು ಮುದ್ರೆ ಒತ್ತಿದಳು.

ಹಗ್ಗ ಸಡಿಲವಾಯಿತು. ತುಳಸಕ್ಕ ಅವಸರವಿಲ್ಲದೆ, ಕೂಸನ್ನು ಹೆಗಲಿಗೆ ಹಾಕಿ ಬೆನ್ನು ತಟ್ಟುತ್ತ, ದೀಪದ ಮಟ್ಟ, ಬೀರುವಿನ ಮಟ್ಟ, ನಮ್ಮ ಮುಖದ ಮಟ್ಟ ದಾಟಿ ಕೆಳಗೆ ಬಂದಳು. ನೆಲಕ್ಕೆ ನಾಲ್ಕು ಬೆರಳು ಇರುವಾಗ ನಿಂತಳು. ನನ್ನಷ್ಟೇ ಎತ್ತರ. ಮೂರು ತಿಂಗಳ ಮೇಲೆ ಅವಳ ಮುಖವನ್ನು ಎದುರಿಗೆ ನೋಡಿದೆ. ಒಸ್ಕೋ ಚಪ್ಪಾಳೆ ತಟ್ಟಿದ, ಮುತ್ತಜ್ಜ ಕೋಲು ಕುಟ್ಟಿದ. ಅಜ್ಜಿ ಕೂಸನ್ನು ಕಸಿದುಕೊಂಡು ಕೌದಿಯಲ್ಲಿ ಸುತ್ತಿದಳು.

ಎಲ್ಲರೂ ಹೋದ ಮೇಲೆ ಹಲ್ಮಾ ನನ್ನನ್ನು ಕರೆದಳು. "ನಿಮ್ಮ ಹೆಸರು ಮೂರು ಸಲ ಕೂಗಿದ್ದಾರೆ."

"ಹೌದು."

"ನಿಯಮ ನಿಯಮವೇ. ಒಂದು ವರ್ಷ." ಮೇಜಿನ ಖಾನೆ ಎಳೆದು, "ಅಂಗೈಗೆ ಮುಲಾಮು ಇದೆ, ಕೊಡಲೇ?" ಎಂದಳು. ಹಚ್ಚಿಯೂ ಕೊಟ್ಟಳು.

ಆ ವರ್ಷ ಉದ್ದವಾಗಿತ್ತು, ಇಲ್ಲ ಅನ್ನುವುದಿಲ್ಲ. ಮೊದಲ ವಾರ ನಾನು ತುಳಸಕ್ಕನ ಜೊತೆ ಸರಿಯಾಗಿ ಮಾತಾಡಲಿಲ್ಲ, ಆಮೇಲೆ ಅದಕ್ಕಾಗಿ ನಾಚಿಕೆಪಟ್ಟೆ. ಅವಳು ಬೀದಿ ಕಡೆಯ ಕೋಣೆಯಲ್ಲಿ ಅಂಗಡಿ ತೆರೆದಳು. ಬೆರೀನಾ ಅವತ್ತು ಹೆರಿಗೆ ಮಾಡಿಸಿದ ಆ ಅವಳಿಗಳಿಗೆ ಜೋಡಿ ಕೌದಿ ಹೊಲಿದಳು. ಖಣದ ತುಂಡು ತೀರಿ, ಗುಳೇದಗುಡ್ಡದಿಂದ ಇನ್ನೊಂದು ಟ್ರಂಕು ತರಿಸಿದಳು. ಒಸ್ಕೋನ ಮೊಮ್ಮಗನಿಗೆ ಹಸಿರು ಅಂಚಿನದು. ಭಾನುವಾರದ ಚಹಾಕ್ಕೆ ಈಗ ಒಸ್ಕೋ ಕುರ್ಚಿಯಲ್ಲಿ, ಅವಳು ಅವನ ಎದುರಿನ ಕುರ್ಚಿಯ ನಾಲ್ಕು ಬೆರಳು ಮೇಲೆ.

ಮುಂದಿನ ವರ್ಷ ಅದೇ ತಿಂಗಳು ನನ್ನ ಹೆಸರನ್ನು ಒಂದೇ ಸಲ ಕೂಗಿದರು. ಹಗ್ಗ ಇರಲಿಲ್ಲ, ಕಲ್ಲು ಇರಲಿಲ್ಲ. ಹಲ್ಮಾ ಬಗ್ಗಿ ಹಿತ್ತಾಳೆಯ ಕೋಲನ್ನು ನನ್ನ ಪಾದದ ಕೆಳಗೆ ತೂರಿಸಿ ನೋಡಿ, ಎದ್ದು, ಮುದ್ರೆ ಒತ್ತಿ, ಮತ್ತೆ ಬಗ್ಗಿದಳು. ಈ ಸಲ ಕೋಲು ತೂರಲಿಲ್ಲ. ಹಾಸುಗಲ್ಲು ತಣ್ಣಗಿತ್ತು. ಮೊಣಕಾಲು ನಡುಗಿದವು, ಆರು ವರ್ಷ ಅವಕ್ಕೆ ಕೆಲಸವಿರಲಿಲ್ಲ. "ನಿಧಾನ," ಎಂದಳು ಹಲ್ಮಾ. "ಮೊದಲ ದಿನ ಇಳಿಜಾರಿನಲ್ಲಿ ಗೋಡೆ ಹಿಡಿದು ನಡೆಯಿರಿ."

ಬೂಟು ಕೈಯಲ್ಲಿ ಹಿಡಿದು ಬರಿಗಾಲಿನಲ್ಲೇ ಮನೆಗೆ ನಡೆದೆ. ಮಳೆ ಬಂದು ನಿಂತಿತ್ತು. ಕಲ್ಲು, ಹುಲ್ಲು, ಗಾಡಿಯ ಗಾಲಿ ಕೊರೆದ ಕೆಸರು, ಒಂದನ್ನೂ ಬಿಡಲಿಲ್ಲ. ಯಾವುದೋ ಮುಳ್ಳು ಚುಚ್ಚಿತು, ಅದನ್ನೂ ನಿಂತು ನೋಡಿದೆ. ಮನೆಯ ಬಾಗಿಲು ತೆರೆದಿತ್ತು. ತುಳಸಕ್ಕ ಉದ್ದನೆಯ ಕೋಲಿಗೆ ಬಟ್ಟೆ ಕಟ್ಟಿ, ನಾಲ್ಕು ಬೆರಳು ಮೇಲಿನಿಂದ ನೆಲ ಒರೆಸುತ್ತಿದ್ದಳು. ನಾನು ಅವಳ ಹೆಸರು ಕೂಗುತ್ತ ನೇರ ಒಳಗೆ ಹೋದೆ.

"ಅಯ್ಯ, ಈಗರೆ ಒರಸೀನಿ! ಯಾರದೀ ಹೆಜ್ಜಿ?" ಎಂದು ಅವಳು ತಲೆ ಎತ್ತದೆ ಬೈದಳು. ಬಾಗಿಲಿನಿಂದ ನನ್ನವರೆಗೆ ಸಾಲಾಗಿ ಏಳು ಕೆಸರಿನ ಹೆಜ್ಜೆ. ಅವಳು ಅವನ್ನು ನೋಡಿದಳು. ನನ್ನ ಪಾದ ನೋಡಿದಳು. ಕೋಲನ್ನು ಗೋಡೆಗೆ ಒರಗಿಸಿ, ಬಂದು, ನನ್ನ ಎರಡೂ ಭುಜ ಹಿಡಿದುಕೊಂಡಳು. ಈಗ ನಾಲ್ಕು ಬೆರಳು ಅವಳೇ ನನಗಿಂತ ಎತ್ತರ. ಆಮೇಲೆ ನನ್ನನ್ನು ತಿರುಗಿಸಿ ಬಾಗಿಲ ಕಡೆ ನೂಕಿದಳು.

"ಹೊರಗ ನಡಿ. ಮನಿ ಹೊಲಸು ಮಾಡ್ತಾಳ. ಕಾಲು ತೊಳಕೊಂಡು ಬಾ."

ಹಿತ್ತಲಿನ ನಲ್ಲಿ ತಿರುಗಿಸಿ ಕಲ್ಲಿನ ಮೇಲೆ ನಿಂತೆ. ಬೆರಳ ಸಂದಿಯ ಮಣ್ಣು ಬಿಡಿಸಿದೆ, ಹಿಮ್ಮಡಿ ಉಜ್ಜಿದೆ. ಅಂಗಾಲು ಕೂಸಿನದರಂತೆ ಮೆತ್ತಗಿತ್ತು. ಒಳಗಿನಿಂದ ಅವಳು ಚಹಾಕ್ಕೆ ಎರಡು ಸಲ ಕರೆದಳು. ಬಂದೆ, ಬಂದೆ ಎನ್ನುತ್ತ ನಾನು ಇನ್ನೂ ತೊಳೆಯುತ್ತಲೇ ಇದ್ದೆ.